ಮರಿನಾಯಿ ಮನೆಗೆ ಬರುವ ಮುನ್ನ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲೊಂದರ ವಿಷಯವನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗ ದೊರೆ ಇಮ್ಮಡಿ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಹೊನ್ನನ್ನಾಗಲಿ ಭೂಮಿಯನ್ನಾಗಲಿ ಕೇಳದೆ, 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದನಂತೆ. ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಕೂಡದೆಂಬ ಕಟ್ಟಳೆಯನ್ನೂ ಅದರಲ್ಲಿ ಕೊರೆದಿದ್ದಾರೆ.

ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡಿನಿಂದ ಬಂದವರು ನಾವು. ಆದರೆ ಹೊಟ್ಟೆಪಾಡಿಗಾಗಿ ಮಹಾನಗರಗಳನ್ನು ಸೇರಿ, ಎರಡು ಕೋಣೆಗಳ ಮನೆಗಳಲ್ಲಿ ನೆಲೆಸಿರುವ ನಮಗೆ, ನಾಯಿಯೊಂದನ್ನು ಸಾಕುವುದು ಹೇಗೆಂಬ ಅರಿವು ಊರಿನ ಅನುಭವದಿಂದ ಮಾತ್ರ ಬಾರದು. ಈ ಲೇಖಕನು ಪಶುವೈದ್ಯನಲ್ಲ; ಇಪ್ಪತ್ತು ವರ್ಷಗಳಿಂದ ಮುಂಬಯಿಯ ಬ್ಯಾಂಕೊಂದರಲ್ಲಿ ಲೆಕ್ಕ ಬರೆಯುತ್ತಿರುವವನು. ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಲು ಪ್ರೇರಣೆಯಾದುದು, ನಮ್ಮ ಮನೆಯಲ್ಲಿ ಎಂಟೇ ದಿನಗಳಿದ್ದು ಹೋದ ಒಂದು ಮರಿ.

ಎಂಟು ದಿನಗಳ ಅತಿಥಿ

ನಮ್ಮ ಚಿಕ್ಕ ಮಗಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ನಾಯಿಮರಿ ಬೇಕೆಂದು ಅವಳು ಆರು ತಿಂಗಳಿಂದ ಹಟ ಹಿಡಿದಿದ್ದಳು. ಹುಟ್ಟುಹಬ್ಬದ ಹಿಂದಿನ ದಿನ, ಕಚೇರಿಯಿಂದ ಬರುವಾಗ, ಉಪನಗರದ ಮಾರುಕಟ್ಟೆಯ ಬಳಿ ಬುಟ್ಟಿಯಲ್ಲಿ ಮರಿಗಳನ್ನಿಟ್ಟು ಮಾರುತ್ತಿದ್ದ ಒಬ್ಬ ವ್ಯಾಪಾರಿಯಿಂದ ನಾನು ಒಂದನ್ನು ಕೊಂಡು ತಂದೆ. ಎರಡು ತಿಂಗಳ ಮರಿಯೆಂದೂ, ಚುಚ್ಚುಮದ್ದುಗಳೆಲ್ಲ ಮುಗಿದಿವೆಯೆಂದೂ ಅವನು ಹೇಳಿದ. ಕಾಗದಪತ್ರ ನಾನೂ ಕೇಳಲಿಲ್ಲ, ಅವನೂ ಕೊಡಲಿಲ್ಲ. ತಾಯಿನಾಯಿಯನ್ನು ನೋಡುವ ಮಾತಂತೂ ನನ್ನ ಮನಸ್ಸಿಗೇ ಹೊಳೆಯಲಿಲ್ಲ.

ಐದನೆಯ ದಿನ ಮರಿ ಆಟ ಬಿಟ್ಟು ಮೂಲೆ ಸೇರಿತು. ಆರನೆಯ ದಿನ ವಾಂತಿ, ಬಳಿಕ ದುರ್ಗಂಧದಿಂದ ಕೂಡಿದ ರಕ್ತಭೇದಿ. ಪಶುವೈದ್ಯರು ನೋಡಿ, "ಇದು ಪಾರ್ವೊ ಎಂಬ ವೈರಾಣುವಿನ ರೋಗ. ಮರಿಯ ವಯಸ್ಸು ಐದು ವಾರಕ್ಕಿಂತ ಹೆಚ್ಚಿಲ್ಲ, ಇದಕ್ಕೆ ಯಾವ ಲಸಿಕೆಯೂ ಆಗಿರಲಾರದು" ಎಂದರು. ರಕ್ತನಾಳದ ಮೂಲಕ ದ್ರವ ಕೊಟ್ಟರು. ತಮ್ಮ ಕೈಲಾದುದನ್ನೆಲ್ಲ ಮಾಡಿದರು. ಎಂಟನೆಯ ದಿನ ಬೆಳಗಿನ ಜಾವ ಅದು ತೀರಿಕೊಂಡಿತು. ಸೋಂಕು ತಗಲಿದ ಮೂರರಿಂದ ಏಳು ದಿನಗಳೊಳಗೆ ಈ ರೋಗ ಸಾಮಾನ್ಯವಾಗಿ ತಲೆದೋರುತ್ತದೆ. ಆದ್ದರಿಂದ ಬುಟ್ಟಿಯಲ್ಲಿದ್ದಾಗಲೇ ರೋಗ ಹತ್ತಿರಬೇಕೆಂದು ವೈದ್ಯರು ತಿಳಿಸಿದರು. ನನಗೆ ಸಮಾಧಾನ ಹೇಳಲೆಂದೇ ಅವರು ಹಾಗೆಂದರು. ಆದರೆ ಮಗಳು, "ಅಪ್ಪಾ, ನಾನು ಅದಕ್ಕೆ ಹಾಲು ಹೆಚ್ಚು ಕುಡಿಸಿದೆನೇ?" ಎಂದು ಕೇಳಿದಾಗ, ತಪ್ಪು ಯಾರದೆಂಬುದು ನನಗೆ ಚೆನ್ನಾಗಿ ತಿಳಿದಿತ್ತು.

ಪಾರ್ವೊ ರೋಗವು ನಾಯಿಗಳಲ್ಲಿ 1978ರ ಸುಮಾರಿಗೆ ಕಾಣಿಸಿಕೊಂಡು, ಕೆಲವೇ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ಹೊಸ ರೋಗ. ಇದರ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ನಿತ್ಯ ನೆಲ ಒರೆಸುವ ಹಲವು ದ್ರವಗಳಿಗೆ ಅದು ಬಗ್ಗುವುದಿಲ್ಲ. ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಮೂವತ್ತು ಭಾಗ ನೀರು ಬೆರೆಸಿ, ಮೊದಲೇ ತೊಳೆದ ನೆಲವನ್ನು ಹತ್ತು ನಿಮಿಷ ನೆನೆಸಿ ಒರೆಸಬೇಕು. ಮರಿಯ ಹಾಸಿಗೆ, ಬಟ್ಟಲುಗಳನ್ನು ಹೊರಹಾಕಬೇಕು. ಇಷ್ಟಾದ ಮೇಲೂ, ಲಸಿಕೆ ಪಡೆಯದ ಮರಿಯನ್ನು ಆ ಮನೆಗೆ ಬಹುಕಾಲ ತರಕೂಡದು. ನಾವು ಒಂದು ವರ್ಷ ಕಾದೆವು. ಆ ವರ್ಷವೇ ನಮ್ಮ ಸಿದ್ಧತೆಯ ವರ್ಷವಾಯಿತು.

ಅಂಗಳವಿಲ್ಲದ ಮನೆ

ಎರಡನೆಯ ಬಾರಿ ಮಾತು ಬಂದಾಗ, ಎಪ್ಪತ್ತೆರಡು ವರ್ಷದ ನಮ್ಮ ತಾಯಿಯವರು ಒಂದು ಪ್ರಶ್ನೆ ಕೇಳಿದರು: "ನಾಯಿ ಅಂಗಳದ ಪ್ರಾಣಿ ಕಣೋ. ಅಂಗಳವೇ ಇಲ್ಲದ ಮನೆಗೆ ನಾಯಿ ಏಕೆ?"

ಮಡಿ-ಮೈಲಿಗೆಯ ಮಾತೆಂದು ಮೊದಲು ನಾನು ಅದನ್ನು ತಳ್ಳಿಹಾಕಿದೆ. ಯೋಚಿಸಿದಂತೆಲ್ಲ ಆ ಪ್ರಶ್ನೆಯ ತೂಕ ತಿಳಿಯಿತು. ಶಿರಸಿಯ ಕಡೆಯ ನಮ್ಮ ಹಳ್ಳಿಯಲ್ಲಿ ನಾಯಿಯನ್ನು ಯಾರೂ 'ಸಾಕುತ್ತಿರಲಿಲ್ಲ', ಅದು ಬೆಳೆಯುತ್ತಿತ್ತು. ಓಡಲು ತೋಟವಿತ್ತು, ಅಗೆಯಲು ಮಣ್ಣಿತ್ತು, ಮಲಗಲು ಜಗಲಿಯ ನೆರಳಿತ್ತು, ಬೇಸರ ಕಳೆಯಲು ದಾರಿಹೋಕರಿದ್ದರು, ಒಡನಾಟಕ್ಕೆ ಆಚೆಮನೆಯ ನಾಯಿಗಳಿದ್ದವು. ನಾವು ಹಾಕುತ್ತಿದ್ದುದು ಎರಡು ಹೊತ್ತಿನ ಕೂಳು ಮಾತ್ರ. ನಗರದಲ್ಲಿ ಮೂರನೆಯ ಮಹಡಿಯ ಮನೆಗೆ ಮರಿಯೊಂದನ್ನು ತಂದರೆ, ಅಂಗಳವು ಕೊಡುತ್ತಿದ್ದುದನ್ನೆಲ್ಲ ಮನೆಯವರೇ ಕೊಡಬೇಕು. ಅದನ್ನು ಕೊಡುವುದು ಹಣದಿಂದಲ್ಲ, ಸಮಯದಿಂದ.

ಆದ್ದರಿಂದ ಮೊದಲನೆಯ ಸಿದ್ಧತೆ ಮನೆಮಂದಿಯ ಸಭೆ. ನಾವು ಒಂದು ಭಾನುವಾರ ಕುಳಿತು, ಕಾಗದದ ಮೇಲೆ ದಿನದ ಗಂಟೆಗಳನ್ನು ಬರೆದೆವು. ಬೆಳಿಗ್ಗೆ ಆರಕ್ಕೆ ಹೊರಗೆ ಕರೆದೊಯ್ಯುವವರಾರು? ಮಗನ ಶಾಲೆ, ಮಗಳ ಶಾಲೆ, ನನ್ನ ಲೋಕಲ್ ರೈಲು, ಹೆಂಡತಿಯ ಕೆಲಸ, ಇವುಗಳ ನಡುವೆ ಮಧ್ಯಾಹ್ನ ಮರಿಯ ಬಳಿ ಇರುವವರಾರು? ಮೂರು ತಿಂಗಳ ಮರಿಯು ಮೂತ್ರವನ್ನು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ಇಡೀ ದಿನ ಬೀಗ ಹಾಕಿದ ಮನೆಯಲ್ಲಿ ಅದನ್ನು ಬಿಟ್ಟುಹೋಗುವುದು ಹಿಂಸೆಯೇ ಸರಿ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಹೊರಟು ರಾತ್ರಿ ಬರುವ, ಮನೆಯಲ್ಲಿ ಬೇರಾರೂ ಇಲ್ಲದ ಕುಟುಂಬಗಳು ಮರಿಯನ್ನು ತರದಿರುವುದೇ ಒಳ್ಳೆಯದೆಂದು ಹೇಳಲು ನನಗೆ ಸಂಕೋಚವಿಲ್ಲ.

ನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ವರ್ಷ. ಹತ್ತು ವರ್ಷದ ಮಗಳಿಗಾಗಿ ತಂದ ಮರಿ, ಅವಳು ಕಾಲೇಜು ಮುಗಿಸುವಾಗಲೂ ಮನೆಯಲ್ಲಿರುತ್ತದೆ. ಅವಳು ಹಾಸ್ಟೆಲ್ಲಿಗೋ ಬೇರೆ ಊರಿಗೋ ಹೋದರೆ, ನಾಯಿ ಅಪ್ಪ-ಅಮ್ಮಂದಿರದಾಗುತ್ತದೆ. ಮಕ್ಕಳ ಆಸೆಯಿಂದ ಬಂದರೂ ನಾಯಿಯ ಹೊಣೆ ಹಿರಿಯರದೇ ಎಂಬುದನ್ನು ಮೊದಲೇ ಒಪ್ಪಿಕೊಂಡವರಿಗೆ ಮುಂದೆ ಕಷ್ಟವಾಗದು.

ಯಾವ ಮರಿ, ಎಷ್ಟು ವಯಸ್ಸು?

ಕನ್ನಡಿಗರಿಗೆ ನಾಯಿಯೆಂದೊಡನೆ ಮುಧೋಳದ ನೆನಪಾಗುವುದು ಸಹಜ. ಬಾಗಲಕೋಟೆ ಜಿಲ್ಲೆಯ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನ ಕೇಂದ್ರವೂ ಇದೆ. ನಮ್ಮ ಮಗನ ಆಸೆಯೂ ಅದೇ ಆಗಿತ್ತು. ಆದರೆ ಮುಧೋಳದ ನಾಯಿ ಬಯಲಿನಲ್ಲಿ ಮೊಲವನ್ನಟ್ಟಿ ಓಡಲು ಹುಟ್ಟಿದ ಪ್ರಾಣಿ. ದಿನವೂ ಮನಸಾರೆ ಓಡಲು ಜಾಗವಿಲ್ಲದ ಕಡೆ ಅದನ್ನಿಡುವುದು ಅಭಿಮಾನವಾದೀತೇ ಹೊರತು ಪ್ರೀತಿಯಾಗದು. ಹಿಮಪ್ರದೇಶದ ದಟ್ಟ ರೋಮದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ಮುಂಬಯಿ, ಚೆನ್ನೈಗಳ ಬೇಗೆಯಲ್ಲಿ ಸಾಕುವುದೂ ಅಂತೆಯೇ. ಮೂಗು ಚಪ್ಪಟೆಯಾದ ಪಗ್‌ನಂತಹ ತಳಿಗಳಿಗೆ ಸೆಕೆಯಲ್ಲಿ ಉಸಿರಾಟವೇ ಕಷ್ಟ. ನಮ್ಮ ಹವೆಗೆ ಒಗ್ಗಿ, ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುವ ಬೀದಿಯ ನಾಡುಮರಿಗಳನ್ನು ಏಕೆ ಎತ್ತಿಕೊಳ್ಳಬಾರದೆಂದು ವೈದ್ಯರು ಕೇಳಿದಾಗ ನಮಗೆ ಉತ್ತರವಿರಲಿಲ್ಲ.

ತಳಿಗಿಂತ ಮುಖ್ಯವಾದುದು ವಯಸ್ಸು. ಮರಿಯು ಕನಿಷ್ಠ ಎಂಟು ವಾರ ತಾಯಿಯ ಬಳಿ ಇರಬೇಕು. ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಅದು ಕಚ್ಚುವ ಹದವನ್ನು ಕಲಿಯುತ್ತದೆ; ಆಟದಲ್ಲಿ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ದೂರ ಸರಿಯುವುದೇ ಅದಕ್ಕೆ ಪಾಠ. ಭಾರತ ಸರ್ಕಾರದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳು ಎಂಟು ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದೂ ವಿಧಿಸಿವೆ. ನಾನು ಬುಟ್ಟಿಯಿಂದ ಕೊಂಡ ದಿನ ಇದನ್ನು ತಿಳಿದಿದ್ದರೆ ಹಿಂದಿರುಗಿ ಬರುತ್ತಿದ್ದೆ. ತಾಯಿನಾಯಿಯನ್ನು ಕಣ್ಣಾರೆ ನೋಡದೆ, ಲಸಿಕೆಯ ಪುಸ್ತಿಕೆಯನ್ನು ಕೈಯಲ್ಲಿ ಹಿಡಿಯದೆ ಮರಿಯನ್ನು ಎತ್ತಿಕೊಳ್ಳಕೂಡದು.

ಠಾಣೆಯಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರ ಕಟ್ಟಡದ ಆವರಣದಲ್ಲಿ ಬೀದಿನಾಯಿಯೊಂದು ನಾಲ್ಕು ಮರಿಗಳನ್ನು ಹಾಕಿತ್ತು. ಐದನೆಯ ವಾರದಿಂದ ನಾವು ಪ್ರತಿ ಭಾನುವಾರ ಹೋಗಿ ನೋಡಿಬಂದೆವು. ಏಳನೆಯ ವಾರದಲ್ಲಿ ಅಲ್ಲಿಗೇ ವೈದ್ಯರನ್ನು ಕರೆಸಿ ಮೊದಲ ಲಸಿಕೆ ಹಾಕಿಸಿದೆವು. ಒಂಬತ್ತನೆಯ ವಾರದಲ್ಲಿ ಕಪ್ಪು ಬಣ್ಣದ ಹೆಣ್ಣುಮರಿಯೊಂದು, ತಾಯಿಯ ವಾಸನೆ ಹತ್ತಿದ ಗೋಣಿತಾಟಿನ ತುಂಡಿನೊಡನೆ, ನಮ್ಮ ಮನೆಗೆ ಬಂದಿತು.

ಮನೆಯನ್ನು ಸಿದ್ಧಗೊಳಿಸುವುದು

ಮರಿ ಬರುವ ಹಿಂದಿನ ದಿನ ಮನೆಯ ಹಿರಿಯರೊಬ್ಬರು ನೆಲದ ಮೇಲೆ ಅಂಬೆಗಾಲಿಕ್ಕಿ, ಎಲ್ಲ ಕೋಣೆಗಳನ್ನೂ ಒಮ್ಮೆ ಸುತ್ತಿಬರಬೇಕು. ನಗೆಪಾಟಲೆನಿಸಿದರೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮರಿಯ ಕಣ್ಣಿಗೆ ಕಾಣುವುದೆಲ್ಲ ಆಗ ನಮಗೂ ಕಾಣುತ್ತದೆ. ನಮಗೆ ಕಂಡವು ಇವು: ದೂರದರ್ಶನದ ಹಿಂದಿನ ವಿದ್ಯುತ್ ತಂತಿಗಳು, ಕಪಾಟಿನಡಿಯ ನುಸಿಗುಳಿಗೆ, ಇಲಿಪಾಷಾಣದ ತುಣುಕು, ತಾಯಿಯವರ ಮಂಚದ ಕೆಳಗೆ ಬಿದ್ದಿದ್ದ ರಕ್ತದೊತ್ತಡದ ಮಾತ್ರೆ, ಒಂದು ಸೂಜಿ, ಮಗನ ರಬ್ಬರು ಚೆಂಡಿನ ಚೂರು. ಬಾಲ್ಕನಿಯ ಸರಳುಗಳ ಸಂದಿನಲ್ಲಿ ಮರಿಯ ತಲೆ ತೂರುವಂತಿತ್ತು; ಅಲ್ಲಿಗೆ ಜಾಲರಿ ಹೊಡೆಸಿದೆವು.

ಮರಿಗೆಂದು ಒಂದು ಮೂಲೆಯನ್ನು ಗೊತ್ತುಮಾಡಬೇಕು. ಗಾಳಿಯಾಡುವ, ನೇರ ಬಿಸಿಲು ಬೀಳದ, ಆದರೆ ಮನೆಯವರ ಸದ್ದು ಕೇಳುವ ಜಾಗ ಒಳ್ಳೆಯದು. ಹಳೆಯ ಹತ್ತಿಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು. ಸುಲಭವಾಗಿ ಉರುಳದ ಎರಡು ಸ್ಟೀಲಿನ ಬಟ್ಟಲುಗಳು, ಕೊರಳಪಟ್ಟಿ, ಹಗ್ಗ, ಕಡಿಯಲು ಗಟ್ಟಿಯಾದೊಂದು ಆಟಿಕೆ, ಹಳೆಯ ಪತ್ರಿಕೆಗಳ ಕಟ್ಟು, ಇವಿಷ್ಟೇ ಸಾಮಗ್ರಿ. ಮರಿಗೆ 28 ಹಾಲುಹಲ್ಲುಗಳಿರುತ್ತವೆ; ಅವು ಬಿದ್ದು, ಸುಮಾರು ಏಳು ತಿಂಗಳೊಳಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಆ ಕಾಲದಲ್ಲಿ ಒಸಡಿನ ನವೆಗೆ ಅದು ಕಂಡದ್ದನ್ನೆಲ್ಲ ಕಡಿಯುವುದು ತುಂಟತನವಲ್ಲ, ಅವಶ್ಯಕತೆ. ಚಪ್ಪಲಿಗಳನ್ನು ಮೇಲಿಡುವುದನ್ನು ಕಲಿಯಬೇಕಾದವರು ನಾವು.

ಲಸಿಕೆ ಮತ್ತು ಜಂತುಹುಳು

ಮರಿಗಿಂತ ಮೊದಲು ವೈದ್ಯರನ್ನು ಹುಡುಕಿಕೊಳ್ಳಬೇಕು. ರಾತ್ರಿ ಹೊತ್ತು ತೆರೆದಿರುವ ಆಸ್ಪತ್ರೆ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂಬಯಿಯಲ್ಲಿರುವವರಿಗೆ ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದಲೂ ಪರಿಚಿತ. ಅದರೊಡನೆಯೇ 1886ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯ ಮಹಾವಿದ್ಯಾಲಯವಿದೆ. ಚೆನ್ನೈಯವರಿಗೆ 1903ರಲ್ಲಿ ಆರಂಭವಾದ ಮದರಾಸು ಪಶುವೈದ್ಯ ಕಾಲೇಜು ಇದೆ.

ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ರೋಗಗಳ ವಿರುದ್ಧ ಮೊದಲ ಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಹಾಕುತ್ತಾರೆ. ಅನಂತರ ಮೂರು-ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಬೇಕು. ಇಷ್ಟು ಸಲ ಏಕೆಂದು ಕೇಳುವವರುಂಟು. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆಯು ದೇಹದಲ್ಲಿರುವ ತನಕ ಲಸಿಕೆಯನ್ನೇ ಅದು ಅಡಗಿಸಿಬಿಡುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೆಯ ವಾರಕ್ಕೆ ಕರಗಿದರೆ ಮತ್ತೊಂದರಲ್ಲಿ ಹದಿನಾಲ್ಕನೆಯ ವಾರದವರೆಗೂ ಉಳಿಯಬಹುದು. ಯಾವಾಗ ಕರಗೀತೆಂದು ಹೊರಗಿನಿಂದ ತಿಳಿಯದಾದ್ದರಿಂದ ಮರಳಿ ಮರಳಿ ಹಾಕುತ್ತಾರೆ. ಒಂದು ಚುಚ್ಚುಮದ್ದಿಗೆ "ಎಲ್ಲ ಆಯಿತು" ಎಂದು ನಂಬುವುದು ಅಪಾಯ. ಮಳೆಗಾಲದಲ್ಲಿ ನೀರು ನಿಲ್ಲುವ ನಗರಗಳಲ್ಲಿ ಇಲಿಜ್ವರವೆಂಬ ಲೆಪ್ಟೊಸ್ಪೈರೋಸಿಸ್‌ನ ಲಸಿಕೆಯೂ ಅವಶ್ಯ. ಈ ರೋಗ ನಾಯಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ.

ಮರಿಗಳಲ್ಲಿ ದುಂಡುಹುಳು ಹುಟ್ಟಿನಿಂದಲೇ ಇರುವುದು ಸಾಮಾನ್ಯ. ತಾಯಿಯ ಗರ್ಭದಲ್ಲೇ ಅದು ಮರಿಯನ್ನು ಸೇರುತ್ತದೆ. ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ, ಮೂರು ತಿಂಗಳ ಬಳಿಕ ತಿಂಗಳಿಗೊಮ್ಮೆ, ಆರು ತಿಂಗಳವರೆಗೆ ಜಂತುಹುಳುವಿನ ಔಷಧವನ್ನು ವೈದ್ಯರು ತೂಕ ನೋಡಿ ಕೊಡುತ್ತಾರೆ. ಇದು ಮಕ್ಕಳ ಆರೋಗ್ಯದ ಪ್ರಶ್ನೆಯೂ ಹೌದು. ಮಲದಲ್ಲಿ ಬಿದ್ದ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರ ಬಲಿತು, ಮಕ್ಕಳ ಕೈಯಿಂದ ಬಾಯಿಗೆ ಹೋದರೆ, ಅವುಗಳ ಮರಿಹುಳುಗಳು ಯಕೃತ್ತನ್ನೋ ಕಣ್ಣನ್ನೋ ಸೇರಿ ತೊಂದರೆ ಕೊಡಬಹುದು. ಮಲವನ್ನು ಅಂದಂದೇ ತೆಗೆಯುವುದು, ಮಕ್ಕಳು ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಇವೆರಡರಿಂದಲೇ ಈ ಭಯ ಬಹುಮಟ್ಟಿಗೆ ದೂರವಾಗುತ್ತದೆ.

ಹುಚ್ಚುನಾಯಿ ರೋಗ: ಮರೆಯಬಾರದ ಮಾತು

ಫ್ರಾನ್ಸಿನ ಲೂಯಿ ಪಾಶ್ಚರನು 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ರೇಬೀಸ್ ವಿರುದ್ಧ ಮೊದಲ ಲಸಿಕೆ ಕೊಟ್ಟನು. ಅಲ್ಲಿಂದೀಚೆಗೆ ಈ ರೋಗವನ್ನು ತಡೆಯುವ ದಾರಿ ತೆರೆದಿದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿಸುವ ದಾರಿ ಮಾತ್ರ ಇಂದಿಗೂ ಇಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುತ್ತ ಬಂದಿರುವ ಅಂದಾಜು. ಕರ್ನಾಟಕ ಸರ್ಕಾರವು 2022ರಲ್ಲಿ ಮಾನವರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಡೆದುಹಾಕುವ ರಾಷ್ಟ್ರೀಯ ಯೋಜನೆ 2021ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಎರಡು ತಪ್ಪು ನಂಬಿಕೆಗಳು ಬೇರೂರಿವೆ. ಮರಿ ಕಚ್ಚಿದರೆ ಏನೂ ಆಗದೆಂಬುದು ಮೊದಲನೆಯದು. ಸೋಂಕು ತಗಲಿದ ಮರಿಯಿಂದಲೂ ರೇಬೀಸ್ ಬರುತ್ತದೆ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಾರೆಂಬ ಭಯ ಎರಡನೆಯದು. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಎರಡು ದಶಕಗಳ ಹಿಂದೆಯೇ ಕೈಬಿಡಲಾಯಿತು; ಈಗಿನದನ್ನು ತೋಳಿಗೆ, ನಾಲ್ಕೋ ಐದೋ ಸಲ ಹಾಕುತ್ತಾರೆ. ನಾಯಿಮರಿಗೆ ಮೂರು ತಿಂಗಳು ತುಂಬಿದೊಡನೆ ರೇಬೀಸ್ ಲಸಿಕೆ ಹಾಕಿಸಿ, ವರ್ಷದ ಬಳಿಕ ಮತ್ತೆ ಹಾಕಿಸಿ, ಅನಂತರ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಅದಕ್ಕೆ ಮುನ್ನ ಮರಿಯ ಹಲ್ಲೋ ಉಗುರೋ ತಗಲಿ ಚರ್ಮ ಗೀರಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಕೂಡದು. ಮಕ್ಕಳಿಗೆ ಮುಖ್ಯವಾಗಿ ಒಂದು ಮಾತು ಕಲಿಸಬೇಕು: ಕಚ್ಚಿದರೆ, ಗೀರಿದರೆ ಬಚ್ಚಿಡಬೇಡಿ, ಬೈಯುವುದಿಲ್ಲ. ಬೈಗುಳದ ಭಯದಿಂದ ಮುಚ್ಚಿಟ್ಟ ಗಾಯವೇ ಹೆಚ್ಚಿನ ಅಪಾಯ.

ಊಟ ಮತ್ತು ಮೊದಲ ರಾತ್ರಿಗಳು

ಮೊದಲ ಕೆಲವು ದಿನ ಮರಿಗೆ ಹಳೆಯ ಜಾಗದಲ್ಲಿ ತಿನ್ನುತ್ತಿದ್ದುದನ್ನೇ ಕೊಟ್ಟು, ನಿಧಾನವಾಗಿ ಬದಲಿಸಬೇಕು. ಆರು ತಿಂಗಳ ತನಕ ದಿನಕ್ಕೆ ಮೂರು-ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸುವುದು ಸರಿ. ತಾಯಿಹಾಲು ಬಿಟ್ಟ ಮರಿಗೆ ಹಸುವಿನ ಹಾಲು ಹೆಚ್ಚಾದರೆ ಭೇದಿಯಾಗುವುದು ಸಾಮಾನ್ಯ. ಬರಿಯ ಮೊಸರನ್ನದಲ್ಲಿ ಬೆಳೆಯುವ ಮರಿಗೆ ಬೇಕಾದ ಸಾರಜನಕಾಂಶವಾಗಲಿ ಸುಣ್ಣದ ಅಂಶವಾಗಲಿ ಸಾಕಷ್ಟಿರುವುದಿಲ್ಲ. ಸಸ್ಯಾಹಾರಿ ಮನೆಗಳವರು ಈ ವಿಷಯವನ್ನು ವೈದ್ಯರೊಡನೆ ಮೊದಲೇ ಬಿಚ್ಚಿ ಮಾತಾಡುವುದೊಳ್ಳೆಯದು. ಮೊಟ್ಟೆಯನ್ನೋ ಸಿದ್ಧ ಆಹಾರವನ್ನೋ ಒಪ್ಪಲಾರದ ಮನೆ ಅದನ್ನು ಮರಿ ಬಂದ ಮೇಲೆ ಕಂಡುಕೊಳ್ಳಬಾರದು. ನಮ್ಮ ತಾಯಿಯವರು ಮೊಟ್ಟೆಗೆಂದೇ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಎಂದು ತೀರ್ಪು ಕೊಟ್ಟರು, ನಾವು ಒಪ್ಪಿದೆವು.

ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮ ಹುಳಿ-ಸಾರು ಕಲಸಿದ ಅನ್ನ ಅದಕ್ಕೆ ಸಲ್ಲದು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಕೆಡಬಹುದು. ಚಾಕೊಲೇಟ್ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ನಮ್ಮ ತಲೆನೋವು, ಮೈಕೈನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಎಂದಿಗೂ ಕೊಡಕೂಡದು.

ಮೊದಲ ಮೂರು ರಾತ್ರಿ ಮರಿ ಅಳುತ್ತದೆ. ತಾಯಿಯ ಮೈಬಿಸಿ ಬಿಟ್ಟುಬಂದ ಜೀವ ಅಳದೆ ಇನ್ನೇನು ಮಾಡೀತು? ತಾಯಿಯ ವಾಸನೆಯ ಬಟ್ಟೆ ಹಾಸಿಗೆಯಲ್ಲಿರಲಿ. ಯಾರಾದರೊಬ್ಬರು ಹತ್ತಿರ ಮಲಗಲಿ. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿದೊಡನೆ ಅದನ್ನು ಪತ್ರಿಕೆಯ ಮೇಲೆ ಒಯ್ದು ನಿಲ್ಲಿಸಬೇಕು. ಸರಿಯಾದ ಕಡೆ ಮಾಡಿದರೆ ಮೆಚ್ಚಬೇಕು, ತಪ್ಪಿದರೆ ಸುಮ್ಮನೆ ಒರೆಸಬೇಕು. ಹೊಡೆಯುವುದರಿಂದಲೂ ಮೂತಿ ಉಜ್ಜುವುದರಿಂದಲೂ ಅದು ಕಲಿಯುವುದು ನಮ್ಮ ಭಯವನ್ನು ಮಾತ್ರ.

ಮರಿಯ ಸ್ವಭಾವ ರೂಪುಗೊಳ್ಳುವ ಮುಖ್ಯ ಕಾಲ ಮೂರರಿಂದ ಹನ್ನೆರಡನೆಯ ವಾರವೆಂದು ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದರು. ಆದರೆ ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿಯ ನೆಲಕ್ಕಿಳಿಸುವುದು ಅಪಾಯ. ದಾರಿ ಒಂದೇ: ಎತ್ತಿಕೊಂಡು ಹೋಗುವುದು. ನಮ್ಮ ಮಗಳು ದಿನವೂ ಸಂಜೆ ಮರಿಯನ್ನು ಎದೆಗವಚಿಕೊಂಡು ರಿಕ್ಷಾ, ಲಿಫ್ಟು, ಹಾಲಿನವನ ಸೈಕಲ್ಲು, ಕೋಲೂರುವ ಅಜ್ಜಂದಿರು, ಕೊಡೆ ಹಿಡಿದವರು ಎಲ್ಲವನ್ನೂ ತೋರಿಸಿ ಬರುತ್ತಿದ್ದಳು.

ನೆರೆಹೊರೆ, ಕಾನೂನು, ಊರಿನ ಪ್ರಯಾಣ

ಹಲವು ನಗರಪಾಲಿಕೆಗಳಲ್ಲಿ ಸಾಕುನಾಯಿಗೆ ಪರವಾನಗಿ ಕಡ್ಡಾಯ. ರೇಬೀಸ್ ಲಸಿಕೆಯ ಪ್ರಮಾಣಪತ್ರ ಅದಕ್ಕೆ ಬೇಕು. ವಸತಿ ಸಂಘಗಳು ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಸೂಚನೆಗಳಲ್ಲಿ ಸ್ಪಷ್ಟಪಡಿಸಿದೆ. ಆದರೂ ಹಕ್ಕಿನ ಕಾಗದ ಹಿಡಿದು ಜಗಳಕ್ಕಿಳಿಯುವುದಕ್ಕಿಂತ, ಮರಿ ಬರುವ ಮುನ್ನವೇ ಆಚೀಚೆ ಮನೆಗಳಿಗೆ ಹೋಗಿ ತಿಳಿಸಿಬರುವುದು ನಮ್ಮವರ ರೀತಿ. ಎದುರುಮನೆಯ ಮರಾಠಿ ಅಜ್ಜಿಗೆ ನಾಯಿಯೆಂದರೆ ಭಯ. ಅವರು ಹೊರಡುವ ಹೊತ್ತು ಕೇಳಿಕೊಂಡು, ಆ ಹೊತ್ತಿನಲ್ಲಿ ನಾವು ಬಾಗಿಲು ತೆರೆಯುವುದಿಲ್ಲ. ಆವರಣದಲ್ಲಿ ನಮ್ಮ ನಾಯಿ ಮಾಡಿದ್ದನ್ನು ನಾವೇ ತೆಗೆಯುತ್ತೇವೆ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯಿದೆ. ಮೇ ತಿಂಗಳ ರಜೆಗೋ ಚೌತಿಗೋ ಊರಿಗೆ ಹೋಗುವಾಗ ನಾಯಿಯೇನು? ರೈಲಿನಲ್ಲಿ ನಾಯಿಯನ್ನು ಜೊತೆಗಿರಿಸಿಕೊಳ್ಳಲು ಮೊದಲ ದರ್ಜೆಯಲ್ಲಿ ಇಡೀ ಕೋಣೆಯನ್ನೇ ಕಾಯ್ದಿರಿಸಬೇಕು; ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಸ್ಲೀಪರ್ ಮತ್ತು ಮೂರು ಹಂತದ ಡಬ್ಬಿಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ನಾವು ನಮ್ಮ ಸಂಘದ ಇನ್ನೊಂದು ಕುಟುಂಬದೊಡನೆ ಒಪ್ಪಂದ ಮಾಡಿಕೊಂಡಿದ್ದೇವೆ: ಅವರು ಉಡುಪಿಗೆ ಹೋದಾಗ ಅವರ ನಾಯಿ ನಮ್ಮಲ್ಲಿ, ನಾವು ಶಿರಸಿಗೆ ಹೋದಾಗ ನಮ್ಮದು ಅವರಲ್ಲಿ. ಈ ವ್ಯವಸ್ಥೆಯನ್ನು ಮರಿ ಬರುವ ಮೊದಲೇ ಮಾಡಿಕೊಂಡದ್ದರಿಂದ ಚೌತಿಯ ಟಿಕೆಟ್ಟು ಕೊಳ್ಳುವಾಗ ಮನೆಯಲ್ಲಿ ಮಾತು ಬೆಳೆಯಲಿಲ್ಲ.

ಮರಿ ತರಬೇಕೆಂದಿರುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ:

1. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ?
2. ಮನೆಯ ಎಲ್ಲರೂ, ಮುಖ್ಯವಾಗಿ ಹಿರಿಯರು, ಮನಃಪೂರ್ವಕ ಒಪ್ಪಿದ್ದಾರೆಯೇ?
3. ಮರಿಗೆ ಎಂಟು ವಾರ ತುಂಬಿದೆಯೇ? ತಾಯಿಯನ್ನೂ ಲಸಿಕೆಯ ಪುಸ್ತಿಕೆಯನ್ನೂ ನೋಡಿದೆವೇ?
4. ವೈದ್ಯರೂ ರಾತ್ರಿಯ ಆಸ್ಪತ್ರೆಯೂ ಗೊತ್ತಾಗಿದೆಯೇ?
5. ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು?
6. ಹತ್ತು-ಹನ್ನೆರಡು ವರ್ಷದ ಹೊಣೆಯನ್ನು ಹೊರಬಲ್ಲೆವೇ?

ಇವುಗಳಲ್ಲಿ ಒಂದಕ್ಕಾದರೂ ಉತ್ತರ ದೊರೆಯದಿದ್ದರೆ ಇನ್ನೊಂದು ವರ್ಷ ಕಾಯುವುದು ಲೇಸು. ಸಿದ್ಧವಿಲ್ಲದ ಮನೆಯವರು ಕಾಯುವುದೂ ಪ್ರಾಣಿದಯೆಯೇ. ಆ ಮೊದಲ ಮರಿಗೆ ನಾವು ಹೆಸರನ್ನೂ ಇಟ್ಟಿರಲಿಲ್ಲ; ಹುಟ್ಟುಹಬ್ಬದ ಗಡಿಬಿಡಿಯಲ್ಲಿ ಅದಕ್ಕೂ ಪುರಸೊತ್ತಾಗಿರಲಿಲ್ಲ.

ಎರಡನೆಯದಕ್ಕೆ ಮಗಳು, ಶಾಲೆಯ ರಜೆಯಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಕಂಡ ಕಲ್ಲಿನ ನೆನಪಿನಿಂದ, 'ಕಾಳಿ' ಎಂದು ಹೆಸರಿಟ್ಟಿದ್ದಾಳೆ. ಅದಕ್ಕೀಗ ಮೂರು ವರ್ಷ. ಅಂಗಳವಿಲ್ಲದ ಮನೆಗೆ ನಾಯಿ ಏಕೆಂದು ಕೇಳಿದ ನಮ್ಮ ತಾಯಿಯವರು ಈಗ ಮಧ್ಯಾಹ್ನ ಕಾಳಿಯ ಬಟ್ಟಲಿಗೆ ಬಡಿಸುವ ತನಕ ತಮ್ಮ ಎಲೆಗೆ ಕೂರುವುದಿಲ್ಲ.